ಗೋಲು, ಗೋಳು ಮತ್ತು ಲಂಗರದ ಮಲ್ಲು

ಸೋಮವಾರದ ಬೆಳಗುಗಳಲ್ಲಿ ನನ್ನ ದನಿ ಕೂತಿರುತ್ತದೆ. ಕೂತದ್ದನ್ನು ಎಬ್ಬಿಸಲೆಂದು ಹೆಂಡತಿ ಚಹದ ಕಪ್ಪಿನ ಪಕ್ಕದಲ್ಲಿ ಜ್ಯೇಷ್ಠಮಧುವಿನ ತುಂಡೊಂದನ್ನಿಟ್ಟು, ಮಾತಾಡದೆ ಒಳಗೆ ಹೋಗುತ್ತಾಳೆ. ಅವಳ ಮೌನ ನನ್ನ ದನಿಗಿಂತ ಹೆಚ್ಚು ಕೇಳಿಸುತ್ತದೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಹಳಗನ್ನಡ ಕಲಿಸಿದಾಗ ಒಮ್ಮೆಯೂ ಕೂರದಿದ್ದ ದನಿ ಇದು. ಹಿಂದಿನ ಬೆಂಚಿನವರ ನಿದ್ರೆಗೆ ಭಂಗ ಬಾರದಂತೆ ಪಾಠ ಹೇಳಿದವನಿಗೆ ಗಂಟಲು ನೋಯುವ ಪ್ರಸಂಗವಾದರೂ ಎಲ್ಲಿಂದ ಬರಬೇಕು? ನಿವೃತ್ತನಾಗಿ, ಭಾನುವಾರಗಳಂದು ಫುಟ್‌ಬಾಲ್ ನೋಡಲು ಹೋಗತೊಡಗಿದ ಮೇಲೆಯೇ ನನಗೆ ಗೊತ್ತಾದದ್ದು, ಆಡುವವನಿಗೆ ಕಾಲು ಹೇಗೋ ನೋಡುವವನಿಗೆ ಕೊರಳು ಹಾಗೆ ಎಂದು.

ನಮ್ಮ ಕ್ಲಬ್ಬು ದೊಡ್ಡದೇನಲ್ಲ. ವಿಜಯಪುರದ ಕೋಟೆಗೋಡೆಯ ಬುಡದಲ್ಲೊಂದು ಮೈದಾನ, ಅದರ ಮೂಲೆಯಲ್ಲೊಂದು ಬೇವಿನ ಮರ, ಮರದ ಕೆಳಗೆ ನಾವು ಅಭಿಮಾನಿಗಳು. ಆಡುವವರು ಊರಿನವರು ಕೆಲವರು, ಟಿಕೋಟಾದ ಕಡೆಯವರು ಕೆಲವರು, ಬಬಲೇಶ್ವರದ ಬಸ್ಸಿಗೆ ಬರುವವರು ಕೆಲವರು. ಗೋಲಿಗೂ ಗೋಳಿಗೂ ಇರುವ ಅಂತರ ಒಂದೇ ಅಕ್ಷರದ್ದು. ನಮ್ಮ ತಂಡ ಬಹುಕಾಲ ಆ ಅಂತರವನ್ನು ಗಮನಿಸಿಯೇ ಇರಲಿಲ್ಲ. ಗಮನಿಸುವಂತೆ ಮಾಡಿದವರು ತರಬೇತಿ ಕೊಡುವ ಸರೋಜಾ ಅಕ್ಕೋರು. ಬಬಲೇಶ್ವರದ ಹೈಸ್ಕೂಲಿನಲ್ಲಿ ಆಟದ ಶಿಕ್ಷಕಿಯಾಗಿ ನಿವೃತ್ತರಾದ ಅವರು ಬೆಳಿಗ್ಗೆ ಆರಕ್ಕೆ ಸೀಟಿ ಊದಿದರೆಂದರೆ ಆಟಗಾರರಷ್ಟೇ ಅಲ್ಲ, ಮರದ ಕೆಳಗಿನ ನಾವೂ ಬೆನ್ನು ನೆಟ್ಟಗೆ ಮಾಡಿ ಕೂಡುತ್ತೇವೆ.

ನಾನು ಈ ಕ್ಲಬ್ಬಿನ ಕೋಶಾಧ್ಯಕ್ಷನಾದದ್ದು ಒಂದು ಶಬ್ದದ ತಪ್ಪಿನಿಂದ. ನನಗೆ ತಿಳಿದಿದ್ದ ಕೋಶ ಶಬ್ದಕೋಶವೊಂದೇ. "ಕೋಶದ ಬಗ್ಗೆ ಸರ್‌ಗಿಂತ ಹೆಚ್ಚು ಯಾರಿಗೆ ಗೊತ್ತೈತಿ" ಎಂದು ಯಾರೋ ನಕ್ಕು ಹೇಳಿದ್ದನ್ನು ಉಳಿದವರು ನಿಜವೆಂದೇ ತಿಳಿದು ಕೈಯೆತ್ತಿದರು. ಕೋಶವೇನೋ ಸಿಕ್ಕಿತು, ಒಳಗೆ ಏನೂ ಇರಲಿಲ್ಲ. ಹಿಂದಿನ ಪೋಷಕರೊಬ್ಬರು ಮುನಿಸಿಕೊಂಡು ಹೋಗುವಾಗ ತಾವು ಕೊಡಿಸಿದ್ದ ಗೋಲಿನ ಬಲೆಗಳನ್ನೂ ಬಿಚ್ಚಿಸಿಕೊಂಡು ಹೋಗಿದ್ದರು. ಒಂದು ವರ್ಷ ನಾವು ಉಳ್ಳಾಗಡ್ಡಿ ಚೀಲಗಳನ್ನು ಹೊಲಿದು ಕಟ್ಟಿ ಆಡಿದೆವು. ಚೆಂಡು ಒಳಹೊಕ್ಕಾಗಲೆಲ್ಲ ಸಿಪ್ಪೆ ಹಾರುತ್ತಿತ್ತು. ಗೋಲು ಹೊಡೆಸಿಕೊಂಡ ನಮ್ಮ ಗೋಲ್‌ಕೀಪರನ ಕಣ್ಣೀರು ದುಃಖದ್ದೋ ಉಳ್ಳಾಗಡ್ಡಿಯದೋ ಹೇಳುವುದು ಕಷ್ಟವಾಗುತ್ತಿತ್ತು.

ಇಂಥ ನಮ್ಮ ತಂಡ ಈ ಸಲ ಜಿಲ್ಲೆಯ ಪಂದ್ಯಾವಳಿಯ ಕೊನೆಯ ಆಟದವರೆಗೆ ಬಂದುಬಿಟ್ಟಿತು. ಅದನ್ನು ಗೆದ್ದವರು ಹುಬ್ಬಳ್ಳಿಗೆ ಹೋಗಿ ಆಡಬೇಕು. ಹೋಗಲು ಗಾಡಿ, ಉಳಿಯಲು ಜಾಗ, ಹರಿದ ಬೂಟುಗಳ ಬದಲಿಗೆ ಬೂಟು, ಎಲ್ಲವೂ ಬೇಕು. ಆಗ ಸೈಟು ಮಾರುವ ಕಂಪನಿಯ ಮಾಲೀಕರೊಬ್ಬರು ವರ್ಷದ ಖರ್ಚನ್ನೆಲ್ಲ ತಾವೇ ನೋಡಿಕೊಳ್ಳುವುದಾಗಿ ಹೇಳಿ ಕಳಿಸಿದರು. ಅವರ ಬೇಡಿಕೆ ಇಷ್ಟೇ. ಆಟಗಾರರು ಸೈನಿಕರ ಸಮವಸ್ತ್ರದ ಬಣ್ಣದ ಅಂಗಿ ತೊಡಬೇಕು, ಅದರ ಎದೆಯ ಮೇಲೆ ಕಂಪನಿಯ ಹೆಸರಿರಬೇಕು, ಮತ್ತು ರಜೆಯ ಮೇಲೆ ಊರಿಗೆ ಬಂದಿರುವ ನಮ್ಮ ಸೈನಿಕ ಆಟಗಾರ ಮಲ್ಲು ಕೊನೆಯ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಆಡಬೇಕು. ಅರ್ಧ ಆಟದ ವಿರಾಮದಲ್ಲಿ ಅವನಿಗೆ ಶಾಲು ಹೊದಿಸಿ ಸನ್ಮಾನ, ಅದರ ವಿಡಿಯೋ.

ಬೇವಿನ ಮರದ ಕೆಳಗೆ ಎರಡು ಪಕ್ಷಗಳಾದವು. ಮೊದಲ ಪಕ್ಷದ ಮುಂದಾಳು ಟಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ರಾಚಪ್ಪ. ಅವರ ಪ್ರಕಾರ ಇದರಲ್ಲಿ ಯೋಚಿಸುವುದೇ ಇರಲಿಲ್ಲ. "ಕ್ಲಬ್ಬಿಗೆ ರೊಕ್ಕ ಬರತೈತಿ, ಫೌಜಿನವಗ ಮರ್ಯಾದಿನೂ ಆಕ್ಕೈತಿ. ಇನ್ನೇನ ಬೇಕ್ರಿ?" ಎಂದರು. ಮತ್ತೊಂದು ಪಕ್ಷದವರು ಉಳ್ಳಾಗಡ್ಡಿ ಚೀಲಗಳನ್ನು ನೆನಪಿಸಿದರು. ಒಬ್ಬರ ಕಿಸೆಯಲ್ಲಿರುವ ಕ್ಲಬ್ಬು ಅವರು ಅಂಗಿ ಬದಲಿಸಿದ ದಿನ ಒಗೆಯಲು ಹೋಗುತ್ತದೆ ಎಂಬುದು ಅವರ ವಾದ. ಸರೋಜಾ ಅಕ್ಕೋರು ಯಾವ ಪಕ್ಷವನ್ನೂ ಸೇರಲಿಲ್ಲ. "ರೊಕ್ಕದ ಮಾತು ನೀವು ಆಡ್ರಿ. ಹನ್ನೊಂದು ಮಂದಿ ಯಾರು ಅಂಬೋದು ನಾ ಹೇಳತೀನಿ. ಮಲ್ಲು ವರ್ಷಾನಗಟ್ಟಲೆ ಚೆಂಡು ಮುಟ್ಟಿಲ್ಲ. ಅಂವನ ಜಾಗಾದಾಗ ಈರಣ್ಣ ದಿನಾ ಬೆಳಿಗ್ಗಿ ಬಂದು ಬೆವರು ಸುರಿಸ್ಯಾನ" ಎಂದು ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಹೊರಟರು.

ನಾನು ಯಾವ ಪಕ್ಷ? ಒಪ್ಪಿಕೊಳ್ಳುತ್ತೇನೆ ಓದುಗರೇ, ಸನ್ಮಾನಪತ್ರ ಬರೆಯುವ ಕೆಲಸ ನನಗೇ ಬರುತ್ತದೆಂದು ಕೇಳಿದ ಕ್ಷಣವೇ ನಾನು ರಾಚಪ್ಪನವರ ಪಕ್ಷಕ್ಕೆ ಜಿಗಿದಿದ್ದೆ. ಎಷ್ಟೋ ವರ್ಷ ಉಪಯೋಗವಿಲ್ಲದೆ ಬಿದ್ದಿದ್ದ ಸಮಾಸಗಳನ್ನೆಲ್ಲ ಧೂಳು ಝಾಡಿಸಿ ಒಂದೊಂದಾಗಿ ಮಲ್ಲುವಿನ ಮೇಲೆ ಹೊರಿಸಿದೆ. ಶತ್ರುಭಯಂಕರ, ರಣಧುರಂಧರ, ವೈರಿಮದಮರ್ದನ. ಎರಡು ಪುಟ ತುಂಬಿತು. ಹೆಂಡತಿಗೆ ಓದಿ ತೋರಿಸಿದೆ. "ಆ ಹುಡುಗ ಇದನ್ನೆಲ್ಲಾ ಮಾಡ್ಯಾನೇನು?" ಎಂದು ಕೇಳಿದಳು. ಕಾವ್ಯದಲ್ಲಿ ಹಾಗೆಲ್ಲ ಕೇಳಬಾರದು ಎಂದೆ.

ಮಲ್ಲುವನ್ನು ಒಪ್ಪಿಸಿ ಬರುತ್ತೇನೆಂದು ಮರುದಿನ ಬೆಳಿಗ್ಗೆ ಬಬಲೇಶ್ವರಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ, ಅವನ ಊರಾದ ಮಮದಾಪುರದಲ್ಲಿಳಿದೆ. ಮನೆಯಲ್ಲಿ ಅವನಿರಲಿಲ್ಲ. ಕೆರೆಯ ಏರಿಯ ಮೇಲೆ ಹುಡುಕಿರೆಂದರು. ಅಲ್ಲಿ ಅವನು ಒಬ್ಬನೇ, ಹಳೆಯ ಬನಿಯನ್ ತೊಟ್ಟು, ಕಾಲಲ್ಲಿ ಚೆಂಡು ಹೊರಳಿಸುತ್ತ ಏರಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. ನನ್ನನ್ನು ಕಂಡದ್ದೇ ಬಂದು ಕಾಲುಮುಟ್ಟಿದ. ಕಲ್ಲಿನ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ನಾನು ಎರಡೂ ಪುಟಗಳನ್ನು ಓದಿದೆ. ಅವನು ಕೈಕಟ್ಟಿ, ಒಂದಕ್ಷರ ಬಿಡದೆ ಕೇಳಿದ.

"ಸರ್, ರಣಧುರಂಧರ ಅಂದ್ರ ಏನ್ರಿ?"

"ಯುದ್ಧದ ಭಾರ ಹೊತ್ತವನು."

ಅವನು ಚೆಂಡನ್ನು ಕಾಲಿನಡಿ ಒತ್ತಿ ಹಿಡಿದ. "ನಾ ಹೊರೋದು ಹಿಟ್ಟಿನ ಚೀಲರಿ ಸರ್. ನಾ ಲಂಗರದಾಗ ಅದೀನಿ. ಫೌಜಿನಾಗ ಅಡಗಿಮನಿಗೆ ಲಂಗರ ಅಂತಾರ. ನೂರು ಮಂದಿಗೆ ರೊಟ್ಟಿ ಮಾಡ್ತೀನಿ. ಬಂದೂಕ ಹಿಡಿಯೋದು ನಂಗೂ ಕಲಿಸ್ಯಾರ, ಹೊತ್ತು ಬಂದ್ರ ಹಿಡಿತೀನಿ. ಆದ್ರ ವೈರಿನ್ನ ಇನ್ನತನಾ ಕಣ್ಣಿಲೆ ಕಂಡಿಲ್ರಿ."

ನನ್ನ ಸಮಾಸಗಳು ಬಿಡಿಬಿಡಿಯಾಗಿ ಏರಿಯ ಕೆಳಗೆ ಉರುಳಿದವು. ಏನಾದರೂ ಹೇಳಬೇಕಲ್ಲ ಎಂದು, ಅಡುಗೆಯೂ ದೊಡ್ಡ ಕೆಲಸವೇ ಎಂದೆ, ಪಾಠದ ದನಿಯಲ್ಲಿ. ಅವನಿಗೆ ನನ್ನ ಸಮಾಧಾನ ಬೇಕಿರಲಿಲ್ಲ.

"ದೊಡ್ಡದೋ ಸಣ್ಣದೋ ಗೊತ್ತಿಲ್ರಿ. ನಾವಿರೋ ಗುಡ್ಡದ ಮ್ಯಾಲೆ ಬರ್ಫ ಬಿದ್ದು ದಾರಿ ಮುಚ್ಚಿದಾಗ ಹಿಟ್ಟು ಅಳತಿ ಮಾಡಿ ಹಾಕಬೇಕು. ಕಾವಲು ಮುಗಿಸಿ ಇಳದ ಬಂದ ಮನಷ್ಯಾಗ ತಣ್ಣನ ರೊಟ್ಟಿ ಕೊಟ್ರ ಅಂವ ಏನೂ ಅನ್ನಂಗಿಲ್ಲ, ಸುಮ್ಮನ ತಿಂತಾನ. ನನಗ ತಡಿಯಾಂಗಿಲ್ಲ. ಅದಕ್ಕ ಕಟ್ಟಕಡೀ ಮನಷ್ಯಾ ಬರೂತನಾ ಒಲಿ ಆರಸಂಗಿಲ್ರಿ. ಇಷ್ಟ ನನ್ನ ಕೆಲಸ. ಬರೀತೀರಿ ಅಂದ್ರ ಇದನ್ನ ಬರೀರಿ."

ಪಂದ್ಯದ ಮಾತೆತ್ತಿದೆ. ಇಡೀ ಆಟ ನೀನೇ ಆಡಬೇಕಂತೆ ಎಂದೆ. ಅವನ ಮುಖ ಬಿಗಿಯಿತು.

"ಈರಣ್ಣಂದು ಜಾಗಾ ಕಸಗೊಂಡು ನನಗ ಕೊಡ್ತೀರೇನ್ರಿ? ಅದೆಂಥಾ ಮರ್ಯಾದಿ? ಆಡಬೇಕಂತ ನನಗ ಬಾಳ ಆಸೆ ಐತಿ, ಅದಕ್ಕ ದಿನಾ ಓಡಾಕತ್ತೀನಿ. ಅಕ್ಕೋರು ನೋಡ್ಲಿ. ಲಾಯಕ್ಕ ಅದಾನ ಅಂದ್ರ ಆಡಸ್ಲಿ. ಇಲ್ಲಂದ್ರ ನಾ ನೀರು ಕೊಡ್ತೀನಿ."

ಅವನನ್ನು ಒಪ್ಪಿಸಲು ಹೋದವನು ಅವನು ಹೇಳಿದ್ದಕ್ಕೆ ಒಪ್ಪಿಕೊಂಡು ಬಸ್ಸು ಹತ್ತಿದೆ.

ಕಂಪನಿಯ ಮಾಲೀಕರೊಡನೆ ಮಾತುಕತೆ ನಡೆದದ್ದು ಟಿಕೋಟಾದಲ್ಲಿ, ರಾಚಪ್ಪನವರ ಒಣದ್ರಾಕ್ಷಿ ಶೆಡ್ಡಿನಲ್ಲಿ. ಮಲ್ಲು ತಾನಾಗಿ ಬಂದ. ಮಾಲೀಕರು ಕೆಟ್ಟ ಮನುಷ್ಯರಲ್ಲ. ಎದ್ದು ಅವನ ಕೈ ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡರು, ಅಂಗಿಯ ಮಾದರಿ ತೋರಿಸಿದರು. ಮಲ್ಲು ಅದನ್ನು ಮುಟ್ಟಿ ನೋಡಿ, ಮಡಿಚಿ, ಎರಡೂ ಕೈಯಿಂದ ವಾಪಸು ಕೊಟ್ಟ. "ಸಾಹೇಬ್ರ, ನಿಮ್ಮ ಮನಸು ಚಲೋ ಐತಿ. ಆದ್ರ ಈ ಬಣ್ಣ ನನಗ ಫೌಜಿನ ಪರೀಕ್ಷಾ ಪಾಸ್ ಮಾಡಿದ ಮ್ಯಾಲೆ ಸಿಕ್ಕೈತಿ. ಸೈಟಿನ ಹೆಸರು ಹಾಕಿ ಇದನ್ನ ಹಾಕ್ಕೊಳ್ಳಾಕ ನನ್ನ ಕಡಿಂದ ಆಗಂಗಿಲ್ರಿ." ಮಾಲೀಕರು ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಹಾಗಾದರೆ ತಮಗೇನು ಪ್ರಯೋಜನ ಎಂದು ನೇರವಾಗಿಯೇ ಕೇಳಿದರು. ಚಹ ಕುಡಿದು, ನಮಸ್ಕಾರ ಮಾಡಿ ಹೊರಟರು.

ಮೊದಲು ಎದ್ದವರು ರಾಚಪ್ಪ. ಅವರ ಕಿವಿಗಳು ಕೆಂಪಾಗಿದ್ದವು. "ನಾನ ಎಲ್ಲಾರಕಿಂತ ಜೋರಾಗಿ ಹೌದಂದವ. ತಪ್ಪಾತು. ಇನ್ನ ಕೇಳ್ರಿ, ಈ ಕ್ಲಬ್ಬು ಯಾರದೂ ಕಿಸೆದಾಗ ಇರಬಾರ್ದು, ನಂದೂ ಸೈತ. ತಿಂಗಳಾ ಒಬ್ಬೊಬ್ಬರದು ಒಂದೊಂದು ಪಾಲು, ಎಲ್ಲಾರದೂ ಅಷ್ಟ ಅಷ್ಟ. ನಾ ಹೆಚ್ಚಿಗಿ ಕೊಡ್ತೀನಿ ಅಂದ್ರ ಇಸ್ಕೊಬ್ಯಾಡ್ರಿ. ತಿಂಗಳ ಮೊದಲನೇ ಐತವಾರ ಸರ್ ಮೈದಾನದಾಗ ನಿಂತು ಲೆಕ್ಕಾ ಜೋರಾಗಿ ಓದಬೇಕು." ಎರಡು ಪಕ್ಷಗಳೂ ಅಲ್ಲಿಯೇ ಮುಗಿದವು. ನಾನು ಲೆಕ್ಕದ ವಹಿ ತೆಗೆದು ಹೆಸರು ಬರೆಯತೊಡಗಿದೆ. ಮಲ್ಲುವೂ ನೋಟು ಮುಂದೆ ಹಿಡಿದ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ದೇಶ ಕಾಯುವವನಿಂದ ನಾವು ತೆಗೆದುಕೊಳ್ಳುವುದೇ ಎಂದೆ. ಅವನು ಕೈ ಇಳಿಸಲಿಲ್ಲ. "ಎಲ್ಲಾರ ಹೆಸರು ಬರದು ನನ್ನದೊಂದ ಬಿಡತೀರೇನ್ರಿ? ನಾನೂ ಈ ಕ್ಲಬ್ಬಿನವ ಅಲ್ಲೇನು?" ಬರೆದೆ. ಈ ಸಲ ವಿಶೇಷಣವಿಲ್ಲದೆ.

ಕೊನೆಯ ಪಂದ್ಯದ ದಿನ ಅಕ್ಕೋರು ಈರಣ್ಣನನ್ನೇ ಇಳಿಸಿದರು. ಮಲ್ಲು ಹೊರಗೆ ಕೂತ. ವಿಷಯ ಗೊತ್ತಿಲ್ಲದ ಪ್ರೇಕ್ಷಕರು ಕೆಲವರು ಕೂಗಿದರು, ಸೈನಿಕನನ್ನು ಹೊರಗೆ ಕೂರಿಸುವುದು ಯಾವ ನ್ಯಾಯವೆಂದು. ಅಕ್ಕೋರು ತಿರುಗಿಯೂ ನೋಡಲಿಲ್ಲ. ಮೊದಲರ್ಧದಲ್ಲಿ ಈರಣ್ಣ ಮೂರು ಜನರ ಕಾಲುಗಳ ನಡುವಿನಿಂದ ಚೆಂಡನ್ನು ಹೇಗೋ ತೂರಿಸಿ ಗೋಲು ಹೊಡೆದ. ಮೊದಲು ಕುಣಿದವನು ಹೊರಗಿದ್ದ ಮಲ್ಲು.

ಎರಡನೆಯರ್ಧದಲ್ಲಿ ನಮ್ಮವರ ದಮ್ಮು ಮುಗಿಯಿತು. ಬಿಸಿಲಿಗೆ ನೆಲವೇ ಉರಿಯುತ್ತಿತ್ತು. ಎದುರಾಳಿಗಳು ನಮ್ಮ ಗೋಲಿನ ಮುಂದೆಯೇ ಬಿಡಾರ ಹೂಡಿದರು. ಇಪ್ಪತ್ತು ನಿಮಿಷ ಉಳಿದಾಗ ಅಕ್ಕೋರು ಹಿಂದಿನ ಸಾಲಿನ ಒಬ್ಬನನ್ನು ಹೊರಗೆ ಕರೆಸಿ, ಮಲ್ಲುವಿಗೆ, "ಮಲ್ಯಾ, ಹೋಗು. ಮುಂದ ಹೋಗಬ್ಯಾಡ. ಹಿಂದ ನಿಂದ್ರು" ಎಂದರು. ಗಾಳಿ ತೆಳುವಾದ ಎತ್ತರದ ಜಾಗದಲ್ಲಿ ಹಿಟ್ಟಿನ ಚೀಲ ಹೊತ್ತು ಏರಿದ ಎದೆಗೂಡು ಅದು. ಎಲ್ಲರೂ ಏದುಸಿರು ಬಿಡುವಾಗ ಅವನೊಬ್ಬ ಈ ಕಡೆಯಿಂದ ಆ ಕಡೆಗೆ ಓಡಿ ಅಡ್ಡ ಬೀಳುತ್ತಿದ್ದ. ಚೆಲುವಾದ ಆಟವೇನಲ್ಲ. ಒಮ್ಮೆ ಚೆಂಡನ್ನು ಎದೆಯಿಂದ ತಡೆದ, ಒಮ್ಮೆ ಮುಖದಿಂದಲೇ ತಡೆದ. ಮೂಗಿನಲ್ಲಿ ರಕ್ತ ಬಂತು, ತೋಳಿನಿಂದ ಒರೆಸಿಕೊಂಡ. ಕೊನೆಯ ಸೀಟಿ ಆದಾಗ ನಾವು ಒಂದು ಗೋಲಿನಿಂದ ಗೆದ್ದಿದ್ದೆವು. ಯಾರ ಆಟವನ್ನೂ ಎಂದೂ ಹೊಗಳದ ಅಕ್ಕೋರು ಅವನ ಬೆನ್ನಿನ ಮೇಲೆ ಕೈಯಿಟ್ಟು, "ಚಲೋ ಆಡಿದಿ" ಎಂದರು. ಶಾಲು ಹೊದಿಸಿದ್ದರೆ ಅವನ ಕಣ್ಣು ಹಾಗೆ ಹೊಳೆಯುತ್ತಿರಲಿಲ್ಲ.

ಹುಬ್ಬಳ್ಳಿಯ ಪಂದ್ಯಕ್ಕೆ ಮೊದಲೇ ಮಲ್ಲುವಿನ ರಜೆ ಮುಗಿಯಿತು. ಅವನು ರೈಲು ಹತ್ತಿ ಹೋದ. ನಾವು ನಮ್ಮದೇ ಪಾಲಿನ ಹಣದಲ್ಲಿ ಗಾಡಿ ಮಾಡಿಕೊಂಡು, ರೊಟ್ಟಿಬುತ್ತಿ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋದೆವು, ಮೊದಲ ಪಂದ್ಯದಲ್ಲೇ ಸೋತೆವು. ಮುಚ್ಚಿಡುವುದೇನು, ಚೆನ್ನಾಗಿಯೇ ಸೋತೆವು. ಮರಳುವ ದಾರಿಯಲ್ಲಿ ನನಗೆ ಒಂದೇ ಚಿಂತೆ, ಸೋತ ತಂಡಕ್ಕೆ ಮುಂದಿನ ತಿಂಗಳು ಯಾರು ಪಾಲು ಕೊಡುತ್ತಾರೆ?

ತಿಂಗಳ ಮೊದಲ ಭಾನುವಾರ ಬೇವಿನ ಮರದ ಕೆಳಗೆ ನಿಂತು ಲೆಕ್ಕ ಓದಿದೆ. ಗಾಡಿಯ ಬಾಡಿಗೆ, ಬೂಟು, ಬ್ಯಾಂಡೇಜು, ಎಲ್ಲವನ್ನೂ ಓದಿದೆ. ನನ್ನ ಜೀವಮಾನದಲ್ಲಿ ಮೊದಲ ಬಾರಿ ನನ್ನ ಮುಂದೆ ಕೂತವರಲ್ಲಿ ಒಬ್ಬರೂ ತೂಕಡಿಸಲಿಲ್ಲ. ಕೊನೆಗೆ ಉಳಿದ ಮೊತ್ತ ಹೇಳಿ ವಹಿ ಮುಚ್ಚಿದೆ. ಹಿಂದಿನಿಂದ ಈರಣ್ಣ ಕೇಳಿದ, "ಮುಂದಿನ ವರ್ಷಕ್ಕ ಇಷ್ಟ ಸಾಕಾಗತೈತೇನ್ರಿ ಸರ್?"

"ಇಲ್ಲ" ಎಂದೆ.

"ಹಂಗಾರ ಮುಚ್ಚತೀರಿ ಯಾಕ? ತಗೀರಿ ವಹಿ" ಎಂದು ರಾಚಪ್ಪ ಮುಂದೆ ಬಂದು ತಮ್ಮ ಪಾಲನ್ನು ಇಟ್ಟರು. ಅವರ ಹಿಂದೆ ಈರಣ್ಣ ನಿಂತ. ಅವನ ಹಿಂದೆ, ಸೀಟಿಯನ್ನು ಬಾಯಿಂದ ತೆಗೆದು, ಸರೋಜಾ ಅಕ್ಕೋರು ನಿಂತರು. ನಾನು ಹೊಸ ಪುಟ ತೆರೆದು ಬರೆಯತೊಡಗಿದೆ. ಪಾಲು ಕೊಡುವವರ ಸಾಲು ಮರದ ನೆರಳನ್ನು ದಾಟಿ ಬಿಸಿಲಿಗೆ ಹೋಗಿತ್ತು. ಬಿಸಿಲಲ್ಲಿ ನಿಂತವರು ಯಾರೂ ಅಲ್ಲಿಂದ ಕದಲಲಿಲ್ಲ.