ನೆರಳಿನ ಪೇಟೆಯ ಕೊನೆ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅತ್ತೆಯ ಮನೆಯ ಜಗಲಿಗೆ ಎರಡು ಮೆಟ್ಟಿಲಿದ್ದವೋ ಮೂರೋ, ಅವಳು ಹಿಟ್ಟು ಕಲಸುತ್ತಿದ್ದದ್ದು ಬೋಗುಣಿಯಲ್ಲೋ ತಗಡಿನ ತಟ್ಟೆಯಲ್ಲೋ, ನಾನಾಗ ಎರಡನೇ ಕ್ಲಾಸಿನಲ್ಲಿದ್ದೆನೋ ನಾಲ್ಕರಲ್ಲೋ, ಪ್ರಮಾಣ ಮಾಡಿ ಹೇಳಲಾರೆ. ಮೊದಲಾದರೆ ಇಂಥ ಅನುಮಾನಗಳಿಗೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲದ ಊರುಗಳನ್ನು ಕಟ್ಟಿ ಕಾದಂಬರಿ ಬರೆಯುವವಳು ನಾನು. ಬೋಗುಣಿ ತಟ್ಟೆಯಾದರೆ ನನಗೇನು ನಷ್ಟ? ಈ ಬೇಸಿಗೆಯಿಂದೀಚೆಗೆ ಮಾತ್ರ ಅಂಥ ಸಣ್ಣ ಅನುಮಾನಕ್ಕೂ ಎದೆ ಧಸಕ್ಕೆನ್ನುತ್ತದೆ. ಡೈರಿ ಬರೆಯಲು ಶುರುಮಾಡಿದ್ದೂ ಆಮೇಲೆಯೇ, ಆ ಹೆದರಿಕೆಯಿಂದಲೇ.

ಅತ್ತೆ ಎಂದರೆ ಅಪ್ಪನ ಅಕ್ಕ. ಹಳ್ಳಿಯಿಂದ ಮೈಸೂರಿಗೆ ಬಂದ ನಮ್ಮ ಎರಡು ಸಂಸಾರಗಳೂ ಕೃಷ್ಣಮೂರ್ತಿಪುರಂನ ಆಚೆಗಿನ ಒಂದು ವಠಾರದಲ್ಲಿ ಎದುರುಬದುರಾಗಿದ್ದವು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ ಸ್ಕೂಲು ಬಿಟ್ಟ ಮೇಲೆ ನಾನು ಅತ್ತೆಯ ಪಾಲು. ಅವಳು ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುತ್ತಿದ್ದಳು. ಇದ್ದಿಲ ಪುಡಿಗೆ ಅಂಟಿನ ಪುಡಿ ಸೇರಿಸಿ ಕಲಸಿದ ಕಪ್ಪು ಹಿಟ್ಟು, ಮುಂದೆ ಒಂದು ಮಣೆ, ಪಕ್ಕದಲ್ಲಿ ಬಿದಿರುಕಡ್ಡಿಯ ಕಟ್ಟು. ಅಂಗೈ ಹಿಂದೆ ಮುಂದೆ ಹೋಗುತ್ತಿರುವಾಗ ಬಾಯಿಗೆ ಬೇರೆ ಕೆಲಸವಿರಲಿಲ್ಲ. ಕತೆ ಹೇಳುತ್ತಿದ್ದಳು. ಕೇಳುವವರು ಹೂಂಗುಟ್ಟುತ್ತಿರಬೇಕು, ಇಲ್ಲದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ನಾನೆಷ್ಟೇ ಚೆನ್ನಾಗಿ ಹೂಂಗುಟ್ಟಿದರೂ ಆ ದಿನದ ಹಿಟ್ಟು ಮುಗಿದ ಕೂಡಲೇ ಕತೆಯೂ ಮುಗಿದ ಹಾಗೆಯೇ. ರಾಜಕುಮಾರ ಬಾವಿಯೊಳಗೆ ಅರ್ಧ ಇಳಿದಿರಲಿ, ಹುಲಿ ಬಾಯಿ ತೆರೆದಿರಲಿ, ಅತ್ತೆ ಏಳುತ್ತಿದ್ದಳು.

“ಆಮೇಲೇನಾಯ್ತತ್ತೆ?”

“ಆಮೇಲೇನು, ಹಿಟ್ಟು ಮುಗೀತು. ದಾರಿ ಬುಡು, ಕೈ ತೊಳ್ಕತೀನಿ.”

ಮರುದಿನ ಅದೇ ಕತೆ ಬೇರೆಲ್ಲಿಂದಲೋ ಶುರುವಾಗುತ್ತಿತ್ತು. ಹಾಗಾಗಿ ಕೊನೆ ಇರುವ ಕತೆಯೊಂದನ್ನೂ ನಾನು ಅತ್ತೆಯ ಬಾಯಲ್ಲಿ ಕೇಳಿಲ್ಲ. ಇದನ್ನು ವೇದಿಕೆಗಳ ಮೇಲೆ ಎಷ್ಟೋ ಸಲ ಹೇಳಿದ್ದೇನೆ. ನಿಮಗೆ ಈ ಕಲ್ಪನೆಯೆಲ್ಲ ಎಲ್ಲಿಂದ ಬರುತ್ತದೆ ಎಂದು ಕಾಲೇಜು ಹುಡುಗಿಯರು ಕೇಳಿದರೆ ಕಪ್ಪು ಹಿಟ್ಟಿನಿಂದ ಎನ್ನುತ್ತಿದ್ದೆ. ಯಂತ್ರಗಳು ಕತೆ ಬರೆಯುವ ಬಗ್ಗೆ ಕೇಳಿದರೆ, ಯಂತ್ರಕ್ಕೆ ಎಲ್ಲವನ್ನೂ ಅಚ್ಚುಕಟ್ಟಾಗಿ ಮುಗಿಸುವ ಚಪಲ, ನಮ್ಮ ಹೆಂಗಸರಿಗೆ ಅರ್ಧಕ್ಕೇ ಬಿಟ್ಟು ಏಳುವ ಧೈರ್ಯ ಇತ್ತು ಎನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಆ ಕತೆಗಳಲ್ಲಿ ಒಂದು ನೆರಳಿನ ಪೇಟೆಯದು. ಒಬ್ಬ ಹುಡುಗಿಯ ನೆರಳನ್ನು ಹದ್ದು ಕಚ್ಚಿಕೊಂಡು ಹೋಗುತ್ತದೆ. ಹುಡುಗಿ ಅದನ್ನು ಹುಡುಕುತ್ತ, ಕಳೆದುಹೋದ ನೆರಳುಗಳೆಲ್ಲ ಸಂಸಾರ ಹೂಡಿರುವ ಪೇಟೆಗೆ ಹೋಗುತ್ತಾಳೆ. ನನ್ನ ಎರಡು ಕಾದಂಬರಿಗಳು ಆ ಪೇಟೆಯಲ್ಲೇ ನಡೆಯುತ್ತವೆ. ಎರಡನ್ನೂ ಅತ್ತೆಗೇ ಅರ್ಪಿಸಿದ್ದೇನೆ. ಈಗ ಬರೆಯುತ್ತಿರುವ ಮೂರನೆಯದು ಕೊನೆಯದು. ಹುಡುಗಿ ತನ್ನ ನೆರಳನ್ನು ಕಾಣಬೇಕು, ಕತೆ ಮುಗಿಯಬೇಕು. ಕೊನೆ ನನ್ನ ಹತ್ತಿರ ಇದೆ ಎಂದು ಸಂಪಾದಕಿಗೆ ಮೊದಲಿನಿಂದಲೂ ಹೇಳುತ್ತ ಬಂದಿದ್ದೆ. ಏನದು ಎಂದು ಅವರು ಕೇಳಿದರೆ ನಗುತ್ತಿದ್ದೆ. ಬರೆಯುತ್ತ ಬರೆಯುತ್ತ ಅಲ್ಲಿಗೆ ತಲುಪುವವರೆಗೆ ಕೊನೆಯನ್ನು ಯಾರಿಗೂ ಹೇಳುವುದಿಲ್ಲ, ಕಾಗದದ ಮೇಲೂ ಇಡುವುದಿಲ್ಲ. ಅದು ನನ್ನ ರೂಢಿ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ದಟ್ಟಗಳ್ಳಿಯ ನಮ್ಮ ಮನೆಯಲ್ಲಿ, ಹಿಂದಿನ ಎರಡೂ ಪುಸ್ತಕಗಳನ್ನು ಎಐಗೆ ಕೊಟ್ಟೆ. ಕೆಲಸ ತೀರ ಸಣ್ಣದು. ಪೇಟೆಯ ಬಾಗಿಲು ಕಾಯುವವನಿಗೆ ಮೊದಲ ಪುಸ್ತಕದಲ್ಲಿ ಎಡಗಣ್ಣು ಮೆಳ್ಳೆ, ಎರಡನೆಯದರಲ್ಲಿ ಬಲಗಣ್ಣು ಎಂದು ಒಬ್ಬ ಓದುಗರು ಬರೆದಿದ್ದರು. ಅಂಥ ಎಡವಟ್ಟುಗಳು ಇನ್ನೆಷ್ಟಿವೆಯೋ ಹುಡುಕಿಕೊಡು ಎಂದೆ. ಹುಡುಕಿಕೊಟ್ಟಿತು. ಅದರ ಕೆಳಗೆ, ನಾನು ಕೇಳದೆಯೇ, ‘ಕಥಾನಾಯಕಿಯ ಪಯಣಕ್ಕೆ ಒಂದು ಸಂಭಾವ್ಯ ಅಂತ್ಯ’ ಎಂದು ಬರೆದಿತ್ತು. ಅಲ್ಲಿಗೇ ಮುಚ್ಚಬೇಕಿತ್ತು. ಕಣ್ಣು ನಿಲ್ಲಲಿಲ್ಲ.

ಒಣ ಭಾಷೆಯ ನಾಲ್ಕೈದು ಸಾಲು. ಹುಡುಗಿ ತನ್ನ ನೆರಳನ್ನು ಪತ್ತೆ ಮಾಡುತ್ತಾಳೆ, ಆದರೆ ನೆರಳಿಗೆ ಅವಳ ಗುರುತೇ ಹತ್ತುವುದಿಲ್ಲ. ಹಿಂತಿರುಗಲು ದಾರಿಯಿಲ್ಲದ ಹುಡುಗಿ ಅದರ ಕಾಲ ಬಳಿ ಮಲಗಿ, ತನ್ನ ನೆರಳಿಗೆ ತಾನೇ ನೆರಳಾಗುತ್ತಾಳೆ.

ಓದುತ್ತಿದ್ದಂತೆ ನನಗೆ ಕೇಳಿಸಿದ್ದು ಅತ್ತೆಯ ದನಿ. ಇದೇ ಕೊನೆ, ನನ್ನ ಹತ್ತಿರ ಇದ್ದ ಕೊನೆ. ಅತ್ತೆ ಅದನ್ನು ಹೇಳಿದ ಸಂಜೆ ಇಡಿಯಾಗಿ ಕಣ್ಣೆದುರು ನಿಂತಿತು. ಇದ್ದಿಲ ವಾಸನೆ, ವಠಾರದ ಅಂಗಳದಲ್ಲಿ ಉದ್ದಕ್ಕೆ ಮಲಗಿದ್ದ ನನ್ನ ನೆರಳು, ಅದನ್ನು ತುಳಿಯಲು ಹೆದರಿ ಎದುರಿನ ನಮ್ಮ ಮನೆಗೆ ಹೋಗಲಾರದೆ ಅತ್ತಿದ್ದು, ಕಪ್ಪು ಕೈ ನನ್ನ ಯೂನಿಫಾರಂಗೆ ತಗುಲದ ಹಾಗೆ ಅತ್ತೆ ಮೊಣಕೈಯಲ್ಲೇ ನನ್ನನ್ನು ಎತ್ತಿಕೊಂಡದ್ದು.

ಸ್ವಲ್ಪ ಹೊತ್ತು ಸಂತೋಷವೇ ಆಯಿತು. ಆಮೇಲೆ ಅನುಮಾನ ಶುರುವಾಯಿತು. ಆ ಸಂಜೆ ತೀರ ಚೆನ್ನಾಗಿತ್ತು. ಮೊಣಕೈಯಲ್ಲಿ ಎತ್ತಿಕೊಳ್ಳುವ ಅತ್ತೆ, ಅಂಗಳದ ನೆರಳು. ನಾನು ಕಾದಂಬರಿಯಲ್ಲಿ ದೃಶ್ಯ ಕಟ್ಟುವುದು ಥೇಟ್ ಹೀಗೆಯೇ. ಅದೂ ಅಲ್ಲದೆ, ಅತ್ತೆಯ ಯಾವ ಕತೆಗೂ ಕೊನೆ ಇರಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದವಳು ನಾನೇ ಅಲ್ಲವೇ? ಹಾಗಾದರೆ ಈ ಒಂದಕ್ಕೆ ಎಲ್ಲಿಂದ ಬಂತು?

ಆ ಬೆಳಿಗ್ಗೆಗೆ ಮುಂಚೆ ನನ್ನೊಳಗೆ ಏನಿತ್ತು ಎಂದು ನೆನಪಿಸಿಕೊಳ್ಳಲು ದಿನಗಟ್ಟಲೆ ಹೆಣಗಿದೆ. ಹಾಲಿಗೆ ಹುಯ್ದ ಡಿಕಾಕ್ಷನ್ನನ್ನು ಮತ್ತೆ ಬೇರೆ ಮಾಡಲು ಹೊರಟ ಹಾಗಾಯಿತು. ಕೊನೆ ನನ್ನ ಹತ್ತಿರ ಇದೆ ಎಂದು ಹೇಳುತ್ತಿದ್ದದ್ದು ನೆನಪಿದೆ. ಹೇಳುವಾಗಿನ ಭರವಸೆ ನೆನಪಿದೆ. ಇದ್ದದ್ದು ಏನು ಎಂಬುದು ಮಾತ್ರ ಇಲ್ಲ. ಆ ಜಾಗಕ್ಕೆ ಕೈಹಾಕಿದರೆ ಸಿಗುವುದು ಯಂತ್ರದ ಸಾಲು, ಅತ್ತೆಯ ದನಿಯಲ್ಲಿ.

ಎಂ.ಎ. ಓದುವಾಗ ಜಾನಪದದ ಪಾಠದಲ್ಲಿ ನಮಗೆ ಕಲಿಸಿದ್ದ ಮೊದಲ ಸಂಗತಿ, ಕತೆ ಹೇಳಿದವರನ್ನು ‘ನೀವಿದನ್ನು ಯಾರ ಬಾಯಲ್ಲಿ ಕೇಳಿದ್ದು’ ಎಂದು ಕೇಳಬೇಕು ಎಂಬುದು. ಆಗ ನಾನು ಅದನ್ನು ಹಳ್ಳಿಯ ಅಜ್ಜಿಯರಿಗೆ ಹಾಕುವ ಪ್ರಶ್ನೆ ಎಂದುಕೊಂಡಿದ್ದೆ.

ಯಂತ್ರ ತಮ್ಮ ಕೆಲಸ ಕಿತ್ತುಕೊಂಡೀತು ಎಂದು ಜೊತೆಯ ಲೇಖಕರು ಹೆದರುತ್ತಾರೆ. ಮುಂದಿನ ಪುಸ್ತಕದ ಚಿಂತೆ ಅವರದು. ನನಗೆ ನಡುಕ ಹುಟ್ಟಿಸಿದ್ದು ಅದು ಹಿಂದಕ್ಕೂ ಕೈಚಾಚಬಲ್ಲದು ಎನ್ನುವುದು. ಇವತ್ತು ಓದಿದ್ದು ನನ್ನ ಏಳೋ ಒಂಬತ್ತೋ ವರ್ಷದ ಸಂಜೆಯೊಂದಕ್ಕೆ ಹೋಗಿ ಕೂತಿದ್ದರೆ, ಇನ್ನೆಲ್ಲೆಲ್ಲಿ ಏನೇನು ಕೂತಿದೆ? ಅಮ್ಮ ಆಸ್ಪತ್ರೆಯಲ್ಲಿ ನನಗೆ ಹೇಳಿದ ಕೊನೆಯ ಮಾತನ್ನು ನೆನೆಯುವುದನ್ನೇ ಬಿಟ್ಟಿದ್ದೇನೆ. ನೆನೆಯುವಾಗ ಅದಕ್ಕೆ ಏನಾದರೂ ಸೇರಿಕೊಂಡುಬಿಟ್ಟರೆ ಎಂಬ ಭಯ.

ಸಾಕ್ಷಿ ಹೇಳಬಲ್ಲವಳು ಅತ್ತೆ ಒಬ್ಬಳೇ. ಅವಳು ಹೌದು ಎಂದರೆ ಕೊನೆ ನಮ್ಮದು, ಪುಸ್ತಕ ಮುಗಿಯುತ್ತದೆ, ಆ ಸಂಜೆಯೂ ನನಗೆ ಉಳಿಯುತ್ತದೆ. ಈಗ ಅವಳು ರಾಜೀವನಗರದಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾನು ಅಕ್ಕ ಎನ್ನುವ ಆ ಮಗಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಹೋದೆ. ಆ ದಿನದ ಮಾತುಗಳನ್ನು ಮನೆಗೆ ಬಂದ ಕೂಡಲೇ ಡೈರಿಯಲ್ಲಿ ಬರೆದಿದ್ದರಿಂದ ಅವು ಹೆಚ್ಚುಕಡಿಮೆ ಸರಿಯಾಗಿಯೇ ಇವೆ.

ಅತ್ತೆ ಬುದ್ಧನ ಪಟದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು.

“ಬಾ ಕೂಸು. ಈ ಬಿಸ್ಲಲ್ಲಿ ಎಂಗ್ ಬಂದೆ? ಮಖ ಯಾಕಂಗೆ ಬಾಡೋಗದೆ, ಗಂಡ ಅನ್ನ ಇಕ್ಕಾಕಿಲ್ವಾ?”

“ಅವರೇ ಅಡುಗೆ ಮಾಡೋದು ಅತ್ತೆ, ಅದಕ್ಕೇ ಹಿಂಗಾಗಿರೋದು.”

ಅಕ್ಕ ಮಿಷನ್ನಿನಿಂದ ತಲೆಯೆತ್ತದೆ, “ಬರೆಯೋರ್ಗೆ ಹಸಿವು ಎಲ್ಲಾಯ್ತದವ್ವ? ಗಾಳಿ ಕುಡ್ಕಂಡೇ ಎರಡ್ ಬುಕ್ ಬರ್ದವ್ಳೆ. ನಾನೂ ಓದಿವ್ನಿ. ಎರಡ್ರಲ್ಲೂ ಒಬ್ರಾದ್ರೂ ನೆಟ್ಟಗೆ ಕೂತ್ಕಂಡು ಉಂಡಿಲ್ಲ,” ಎಂದಳು.

ನಕ್ಕೆ. ಕೊನೆಯ ಬಗ್ಗೆ ನಾನಾಗಿ ತುಟಿ ಬಿಚ್ಚಬಾರದು, ಬಿಚ್ಚಿದರೆ ಅದೇ ಅವಳ ನೆನಪಾಗಿಬಿಟ್ಟೀತು ಎಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡಿದ್ದೆ. ಕಾಫಿ ಕುಡಿದಾದ ಮೇಲೆ, ನೆರಳಿನ ಕತೆ ಹೇಳು ಎಂದಷ್ಟೇ ಕೇಳಿದೆ.

“ಈ ವಯಸ್ಸಲ್ಲಿ ಕತೆ ಕೇಳಕ್ ಬಂದಿದ್ದೀಯಾ?” ಎಂದಳೇ ಹೊರತು ಅವಳಿಗೆ ಖುಷಿಯಾಗಿದ್ದು ಕಾಣುತ್ತಿತ್ತು. “ಒಂದೂರಲ್ಲಿ ಒಂದು ಎಣ್ಣುಡುಗಿ ಇತ್ತಂತೆ.”

“ಹೂಂ.”

“ಅದ್ರ ನೆಳ್ಳ ಒಂದು ಹದ್ದು ಬಂದು ಕಚ್ಕಂಡೋಯ್ತಂತೆ.”

“ಹೂಂ.”

ನಾನು ಹೂಂಗುಟ್ಟುತ್ತ ಹೋದೆ. ಹುಡುಗಿ ಕಾಡು ದಾಟಿದಳು, ಪೇಟೆಯ ಬಾಗಿಲಿಗೆ ಬಂದಳು, ಮೆಳ್ಳೆಗಣ್ಣಿನವನಿಗೆ ತನ್ನ ಜಡೆ ಕುಯ್ದು ಕೊಟ್ಟಳು. ವಠಾರದಲ್ಲಿ ನಾವು ಇಷ್ಟು ದೂರ ಬಂದಿದ್ದೆವೋ ಇಲ್ಲವೋ. ಅತ್ತೆ ನಿಲ್ಲಿಸಲಿಲ್ಲ.

“ನೆಳ್ಳು ಮನೆ ಮಾಡ್ಕಂಡು, ಮಕ್ಳು ಮರಿ ಮಾಡ್ಕಂಡು ಜಮ್ಮಂತ ಕೂತದೆ. ‘ನೀ ಯಾರೋ ನಂಗೊತ್ತಿಲ್ಲ ಹೋಗವ್ವ’ ಅಂದ್ಬುಡ್ತು. ಈ ಹುಡುಗಿ ಇನ್ನೇನ್ ಮಾಡಾದು? ಅದ್ರ ಕಾಲ್ತಾವೇ ಮನೀಕಂಡ್ಳು. ನೆಳ್ಳಿಗೇ ನೆಳ್ಳಾಗೋದ್ಳು.”

ನನಗೆ ಹೂಂ ಎನ್ನಲಾಗಲಿಲ್ಲ. ಕಣ್ಣು ತುಂಬಿತು. ಎದ್ದು ಅತ್ತೆಯ ಕೈ ಹಿಡಿದುಕೊಂಡೆ. ಮಾರ್ಚಿನಿಂದ ಮೊದಲ ಬಾರಿಗೆ ಉಸಿರು ಎದೆಯ ತಳದವರೆಗೂ ಇಳಿಯಿತು.

“ನೆನ್ನೆನೂ ಇದೇ, ಮೊನ್ನೆನೂ ಇದೇ,” ಎಂದಳು ಅಕ್ಕ, ದಾರ ಕಡಿಯುತ್ತ. “ನಂಗಂತೂ ಕೇಳಿ ಕೇಳಿ ಬಾಯ್ಪಾಠ ಆಗ್ಬುಟ್ಟದೆ.”

“ಅತ್ತೆ ಯಾರಿಗ್ ಹೇಳ್ತಿದ್ಲು ಅಕ್ಕ?”

“ಇನ್ಯಾರ್ಗೆ, ಫೋನ್‌ಗೆ.”

ಅತ್ತೆ ತೊಡೆಯ ಮೇಲಿದ್ದ ಫೋನನ್ನು ಎತ್ತಿ ತೋರಿಸಿದಳು. ಅವಳಿಗೆ ಹೊತ್ತು ಹೋಗಲಿ ಎಂದು ಅಕ್ಕ ಅದರಲ್ಲಿ ಮಾತಾಡುವ ಎಐ ಹಾಕಿಕೊಟ್ಟು ಆಗಲೇ ಬಹಳ ದಿನಗಳಾಗಿದ್ದವಂತೆ.

“ಎಷ್ಟೊತ್ತಾದ್ರೂ ಕೇಳಿಸ್ಕತದೆ ಕಣವ್ವ,” ಎಂದಳು ಅತ್ತೆ. “ಹೂಂ ಅನ್ನು ಅಂದ್ರೆ ಹೂಂ ಅಂತದೆ. ನಿನ್ನಂಗೆ ಮಧ್ಯಕ್ಕೇ ತೂಕಡ್ಸಾಕಿಲ್ಲ.”

“ಸುಮ್ನೆ ಕೇಳ್ತದಾ ಅತ್ತೆ? ಅದೂ ಹೇಳ್ತದಾ?”

“ನಾ ನಿಲ್ಸುದ್ರೆ ಅದು ಮುಂದ್ಕೆ ಹೇಳ್ತದೆ. ತಪ್ಪಾದ್ರೆ ಬೈತೀನಿ. ತಿದ್ಕತದೆ, ಪಾಪ.”

ಫೋನು ತೆಗೆದುಕೊಂಡು ನೋಡಿದೆ. ಹಳೆಯ ಮಾತುಕತೆ ಒಂದೂ ಇರಲಿಲ್ಲ. ಫೋನು ತುಂಬಿಹೋಗುತ್ತದೆ ಎಂದು ಅಕ್ಕ ದಿನಾ ರಾತ್ರಿ ಎಲ್ಲ ಅಳಿಸುತ್ತಾಳಂತೆ. “ಯಾಕೆ, ಅದ್ರಲ್ಲೇನಿತ್ತು?” ಎಂದು ಅವಳು ಕೇಳಿದಳು. ಏನೂ ಇಲ್ಲ ಎಂದೆ. ಅಂದು ಅತ್ತೆಯನ್ನು ಹೆಚ್ಚು ಕೇಳುವ ಧೈರ್ಯ ಬರಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದು ಡೈರಿ ತೆರೆದೆ.

ಹೆದರಿದವಳ ತಲೆ ಲೆಕ್ಕ ಹಾಕುವುದನ್ನು ಬಿಡುವುದಿಲ್ಲ. ಕೊನೆ ಅತ್ತೆಯದೇ ಇರಬಹುದು. ಅವಳು ನನಗೂ ಹೇಳಿದಳು, ಫೋನಿಗೂ ಹೇಳಿದಳು; ನನ್ನ ಪುಸ್ತಕಗಳಲ್ಲಿ ನನಗೇ ತಿಳಿಯದೆ ಬಿದ್ದ ಅದರ ಸುಳಿವನ್ನು ನನ್ನ ಯಂತ್ರ ಹಿಡಿಯಿತು. ಅಥವಾ ಅವಳು ನಿಲ್ಲಿಸಿದಲ್ಲಿ ಅವಳ ಯಂತ್ರ, ಎರಡನೇ ಪುಸ್ತಕ ನಿಂತಲ್ಲಿ ನನ್ನ ಯಂತ್ರ, ಎರಡೂ ಒಂದೇ ದಾರಿ ಹಿಡಿದು ಅದೇ ಜಾಗಕ್ಕೆ ಹೋಗಿರಬಹುದು. ಹಾಗಿದ್ದರೆ ನಾವಿಬ್ಬರೂ ಬೇರೆ ಬೇರೆ ಮನೆಗಳಲ್ಲಿ ಕೂತು, ನಮ್ಮದಲ್ಲದ್ದನ್ನು ನಮ್ಮದೆಂದು ನೆನಪಿಸಿಕೊಳ್ಳುತ್ತಿದ್ದೇವೆ. ಇವೆರಡರ ವ್ಯತ್ಯಾಸ ನನ್ನೊಳಗಿನಿಂದ ನನಗೆ ಕಾಣುವುದಿಲ್ಲ.

ಸಂಪಾದಕಿಯ ಫೋನು ಬಂತು. ಒಂದೇ ಅಧ್ಯಾಯ ಅಲ್ಲವೇ ಉಳಿದಿರುವುದು, ಕೊನೆ ನಿಮ್ಮ ಹತ್ತಿರವೇ ಇದೆಯಲ್ಲ ಎಂದರು. ಮುಂದಿನ ವಾರ ಹೇಳುತ್ತೇನೆ ಎಂದು ಫೋನಿಟ್ಟೆ.

ಹೋದ ಭಾನುವಾರ ಮತ್ತೆ ರಾಜೀವನಗರಕ್ಕೆ ಹೋದೆ. ಅಕ್ಕ ಬಟ್ಟೆ ಕೊಟ್ಟು ಬರಲು ಹೋಗಿದ್ದಳು. ಅತ್ತೆ ನೆಲದ ಮೇಲೆ ಪೇಪರು ಹರಡಿಕೊಂಡು ದಂಟಿನಸೊಪ್ಪು ಬಿಡಿಸುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ. ಮಂಡಿನೋವು, ನೀರು ಬರದ ನಲ್ಲಿ, ನನ್ನ ಗಂಡನ ಅಡುಗೆ ಎಲ್ಲ ಆಯಿತು. ಆಮೇಲೆ ಕೇಳಿದೆ.

“ಅತ್ತೆ, ಆ ಹುಡುಗಿ ನೆಳ್ಳಿಗೇ ನೆಳ್ಳಾಗೋದು. ಅದು ಈ ಫೋನ್ ಬರೋಕ್ ಮುಂಚೆಯಿಂದ್ಲೂ ನಿಂಗೆ ಗೊತ್ತಿತ್ತಾ?”

“ಗೊತ್ತಿಲ್ದೆ...” ಎಂದು ಶುರುಮಾಡಿದಳು. ಅವಳ ಕೈ ಅಲ್ಲೇ ನಿಂತಿತು. ಕಣ್ಣು ನನ್ನನ್ನು ಬಿಟ್ಟು ಬಾಗಿಲ ಕಡೆಗೆ ಹೋಯಿತು, ಅಲ್ಲಿಂದ ಗೋಡೆಗೆ, ಮತ್ತೆ ನನ್ನ ಕಡೆಗೆ. ಯಾವಾಗಲೂ ಏನಾದರೊಂದು ಮಾತು ಸಿದ್ಧವಿರುವ ಆ ಮುಖದಲ್ಲಿ, ಮಾರ್ಚಿನಿಂದ ನಾನು ಕನ್ನಡಿಯಲ್ಲಿ ನೋಡುತ್ತಿರುವ ಹೆದರಿಕೆ ಮೂಡತೊಡಗಿತು. ಬೇಡ ಬಿಡು ಎನ್ನಬೇಕಿತ್ತು. ಎನ್ನಲಿಲ್ಲ. ಅವಳು ಕೆಳಗೆ ನೋಡಿ, ಆಗಲೇ ಬಿಡಿಸಿದ್ದ ಎಲೆಗಳನ್ನು ಮತ್ತೆ ಒಂದೊಂದಾಗಿ ಎತ್ತಿ ನೋಡುತ್ತ ಕೂತಳು. ನಾನಾಗಿ ತುಟಿ ಬಿಚ್ಚಬಾರದು ಎಂದುಕೊಂಡಿದ್ದವಳು ಈಗ ನಾನೇ ಹೇಳಿಕೊಟ್ಟೆ.

“ನೆನಪು ಮಾಡ್ಕೊಂಡು ಹೇಳು ಅತ್ತೆ. ಊದಿನಕಡ್ಡಿ ಹೊಸೀತಿದ್ದಾಗ, ಆ ವಠಾರದಲ್ಲಿ, ನೀನು ನಂಗೆ ಇದನ್ನ ಹೇಳಿದ್ದೆ ತಾನೆ?”