ಪಾಪಕ್ಕನ ಚಂದ್ರಿಕೆಗಳು

ಲೇಪಾಕ್ಷಿ ಸೀಮೆಯಲ್ಲಿ ಯಾರೇ ಹೊಸದಾಗಿ ರೇಷ್ಮೆಹುಳು ಸಾಕಲಿ, ಮೊದಲ ಮರಿ ಬಿಡಲು ಪಾಪಕ್ಕನೇ ಬರಬೇಕು. ಅವಳ ಕೈಗುಣ ಅಂಥದ್ದಂತೆ. ಕೈಗುಣವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಹೆಂಗಸು ಮೈಮುರಿದು ದುಡಿಯುತ್ತಿದ್ದಳು, ಅಷ್ಟೆ. ಆದರೂ ಹೊಗಳಿಕೆ ಯಾರಿಗೆ ಬೇಡ? ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ, ಅದೇ ಚಂದ್ರಿಕೆ, ಕೇಳಿದವರಿಗೆಲ್ಲ ಕೊಡುತ್ತಿದ್ದಳು. ಇಲ್ಲ ಅಂದರೆ ಕೈಗುಣ ಹೋಗುತ್ತದೆಂಬ ಹೆದರಿಕೆ.

ಎಂಬತ್ತೊಂದನೇ ಇಸವಿಯಲ್ಲಿ, ರೊದ್ದಂ ಊರಿಗೆ ಕೊಟ್ಟಿದ್ದ ಮಗಳು ಶಿವಲಕ್ಷ್ಮಿ ಮೊದಲ ಸಲ ಹುಳು ಸಾಕಲು ಹೊರಟಳು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. "ಇದಾದ್ರೂ ಇವಳ ಕೈಗೆ ಹತ್ತುತ್ತಾ ನೋಡಾಣ" ಎಂದಿದ್ದಳು ಅತ್ತೆ ಪೋಲಮ್ಮ. ಆ ಮಾತು ಪಾಪಕ್ಕನ ಕಿವಿಗೂ ಬಿದ್ದಿತ್ತು. ಈ ಬೆಳೆ ಗೆದ್ದರೆ ಮಗಳು ಆ ಮನೆಯಲ್ಲಿ ತಲೆಯೆತ್ತಿ ನಡೆದಾಳು. ತನ್ನವುಗಳಲ್ಲಿ ಹನ್ನೆರಡು ಚಂದ್ರಿಕೆಗಳಿಗೆ ಅರಿಶಿನ ಹಚ್ಚಿ, ಬಸ್ಸಿನ ಟಾಪಿಗೆ ಕಟ್ಟಿಸಿ ತಾನೇ ಕೊಂಡೊಯ್ದಳು. ತೊಳೆಯಲಿಲ್ಲ, ಒಳ್ಳೆ ಬೆಳೆ ಕಂಡ ಚಂದ್ರಿಕೆ ತೊಳೆದರೆ ಅದೃಷ್ಟವೂ ತೊಳೆದುಹೋಗುತ್ತದೆಂದು ಪಾಪಕ್ಕನಿಗೆ ಅವಳ ಅತ್ತೆ ಹೇಳಿಕೊಟ್ಟಿದ್ದಳು. ಹಿಂದಿನ ಬೆಳೆಯ ಗೂಡು ಬಿಡಿಸುವಾಗ ಆ ಚಂದ್ರಿಕೆಗಳ ಕೆಳಗೆ ನಾಲ್ಕಾರು ಬಿಳಿ ಹುಳ ಹರಿದಾಡಿದ್ದವು. ಗುಡಿಸಿ ತಿಪ್ಪೆಗೆ ಹಾಕಿ ಮರೆತಿದ್ದಳು.

ತಿಂಗಳಾದ ಮೇಲೆ ಪಾಪಕ್ಕನ ಮನೆಯ ಹುಳುಗಳ ಮೈಮೇಲೆ ಕಪ್ಪು ಚುಕ್ಕೆ ಎದ್ದವು. ರೇಷ್ಮೆ ಇಲಾಖೆಯ ಶಂಕರಯ್ಯ ಬಂದು, ಉಳಿದಿದ್ದ ಹಳೆ ಚಂದ್ರಿಕೆಯೊಂದರ ಸಂದಿಯಿಂದ ಕಂದು ಕಾಳಿನಂಥವನ್ನು ಕೆದಕಿ ಅಂಗೈಗೆ ಹಾಕಿಕೊಂಡ.

"ಊಜಿ ನೊಣ ಕಣಮ್ಮ. ಬಂಗಾಳದಿಂದ ಗೂಡಿನ ಜೊತೆ ಕರ್ನಾಟಕಕ್ಕೆ ಬಂತು, ಈಗ ಇಲ್ಲಿ ಆಂಧ್ರಕ್ಕೂ ಬಂದ್ಬುಡ್ತು. ಹುಳದ ಮ್ಯಾಲೆ ಮೊಟ್ಟೆ ಇಕ್ತದೆ, ಅದರ ಬಿಳಿ ಮರಿ ಒಳಗಿಂದ ತಿಂತದೆ. ಆಮ್ಯಾಕೆ ಇಂಥ ಸಂದಿನಾಗೆ ಅಡಗಿ ನೊಣ ಆಯ್ತದೆ. ರೊದ್ದಂ ಕಡೆ ಇನ್ನೂ ಕಾಣಿಸಿಲ್ಲ, ಅದೊಂದು ಪುಣ್ಯ."

ಪಾಪಕ್ಕನಿಗೆ ತಿಪ್ಪೆಗೆ ಹಾಕಿದ್ದ ಬಿಳಿ ಹುಳಗಳು ನೆನಪಾದವು. ಬೆಂಕಿಪೊಟ್ಟಣವೊಂದನ್ನು ಸೆರಗಿಗೆ ಕಟ್ಟಿಕೊಂಡು ಸಿಕ್ಕ ಬಸ್ಸು ಹತ್ತಿದಳು.

ರೊದ್ದಂನಲ್ಲಿ ಶಿವಲಕ್ಷ್ಮಿ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದಳು. ಮೊರದ ತುಂಬ ಗೂಡು, ಒಂದೊಂದಕ್ಕೂ ನೊಣದ ಮರಿ ಕೊರೆದ ತೂತು. ಪೋಲಮ್ಮ ಬೀಗಿತ್ತಿಯನ್ನು ನೋಡಿ, ಬಾ ಅನ್ನದೆ ಒಳಗೆ ಹೋದಳು.

"ನಿನ್ನ ತಪ್ಪಲ್ಲ ಕಣವ್ವ. ನೊಣ ತಂದೋಳು ನಾನು, ನನ್ನ ಚಂದ್ರಿಕೇಲಿ. ನಿಮ್ಮತ್ತೆಗೂ ಹೇಳ್ತೀನಿ. ಆ ಚಂದ್ರಿಕೆ ಎಲ್ಲಿ ಅವೆ? ಮೊದ್ಲು ಸುಟ್ಟಾಕಾಣ."

ಶಿವಲಕ್ಷ್ಮಿ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನಿನ್ನೆ ನಾಕು ಊರಿನೋರು ಬಂದಿದ್ರಮ್ಮ. ಪಾಪಕ್ಕನ ಚಂದ್ರಿಕೆ, ಕೈಗುಣ ಐತೆ, ಕೊಡವ್ವ ಅಂದ್ರು. ಹನ್ನೆರಡೂ ಕೊಟ್ಬುಟ್ಟೆ. ಅವರ ಬೆಳೆನಾದ್ರೂ ಗೆದ್ದು ನನಗೂ ಒಂದು ಒಳ್ಳೆ ಹೆಸರು ಬರ್ಲಿ ಅಂತ."