ಸಿದ್ದಪ್ಪ ಕಾಕಾ ಕೇಳದ ಕ್ಷಮೆ

ಸಿದ್ದಪ್ಪ ಕಾಕಾ ರಂಗದ ಮೇಲೆ ಬರುವ ಮೊದಲೇ ಜನ ನಗಲು ಶುರುಮಾಡುತ್ತಿದ್ದರು. ಪರದೆಯ ಹಿಂದಿನಿಂದ ಅವರೊಮ್ಮೆ ಕೆಮ್ಮಿದರೆ ಸಾಕಿತ್ತು. ದೊಡವಾಡದ ಒಕ್ಕಲುತನದ ಮನೆಯವರು. ಹೊಲವನ್ನು ತಮ್ಮನಿಗೆ ಬಿಟ್ಟು ನಾಟಕ ಕಂಪನಿ ಸೇರಿದ್ದರು. ಗಿಡ್ಡ ಆಳು, ಅಗಲ ಕಿವಿ. ಸವದತ್ತಿ, ನೇಸರಗಿ, ಬೈಲಹೊಂಗಲ, ಎಲ್ಲಿ ಕ್ಯಾಂಪಾದರೂ ಅವರ ಪಾತ್ರ ಒಂದೇ: ಮಾತು ಕೇಳದ ಮನೆಯಾಳು.

ನಾನು ಅದೇ ಕಂಪನಿಯಲ್ಲಿ ನಾಯಕಿಯ ಪಾತ್ರ ಮಾಡುತ್ತಿದ್ದೆ. "ನಗಸೂದಂದ್ರ ಕುಣಿಯೂದಲ್ಲ ಯವ್ವಾ, ಕಾಯೂದು" ಎಂದು ಕಲಿಸಿದವರು ಅವರೇ. ಜನರ ನಗು ಇಳಿಯುವ ಮುಂಚೆ ನಾನು ಬಾಯಿ ತೆರೆದರೆ ಒಳಗೆ ಬಂದ ಮೇಲೆ ಬೈಗುಳ ತಪ್ಪುತ್ತಿರಲಿಲ್ಲ. ಹೊಲಸು ಅರ್ಥದ ಮಾತು ಸೇರಿಸು ಎಂದು ಕಂಪನಿಯ ಮಾಲಕರು ಹೇಳಿದಾಗಲೆಲ್ಲ ಕಾಕಾ ಕೇಳಿಸದವರಂತೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ರಾಮದುರ್ಗದ ಕ್ಯಾಂಪಿನಲ್ಲಿ ಒಬ್ಬ ಗುತ್ತಿಗೆದಾರ ದಿನಾಲೂ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ. ಟೆಂಟಿಗೆ ಜಾಗ ಕೊಡಿಸಿದವನು ಅವನೇ. ಒಂದು ದಿನ ನಾನು ಅಳುವ ದೃಶ್ಯದ ನಡುವೆ, ತೊಡೆ ತಟ್ಟಿ, ಇಲ್ಲಿ ಬಂದು ಕೂಡು ಎಂದು ಕೂಗಿದ. ನಾನು ಮಾತು ಮರೆತು ನಿಂತೆ. ಆ ದೃಶ್ಯದಲ್ಲಿ ಕೆಲಸವೇ ಇಲ್ಲದ ಕಾಕಾ ಆಳಿನ ವೇಷದಲ್ಲೇ ಓಡಿ ಬಂದು, ಕೆಳಗಿಳಿದು, ಅವನ ತೊಡೆಯ ಮೇಲೆ ಕೂತುಬಿಟ್ಟರು.

"ಕರದ್ರಲ್ಲ ಸಾವಕಾರ್ರ, ಬಂದೀನಿ. ಏನ್ ಕೆಲಸ ಹೇಳ್ರಿ."

ಇಡೀ ಟೆಂಟು ಬಿದ್ದು ಬಿದ್ದು ನಕ್ಕಿತು.

ಆಟ ಮುಗಿದ ಮೇಲೆ ಗುತ್ತಿಗೆದಾರನ ಆಳುಗಳು ಅವರನ್ನು ಹಿಡಿದು ಹೊಡೆದರು. ಮುಂದಿನ ಹಲ್ಲು ಹೋದವು, ಒಂದು ಕಿವಿ ಕಾಯಂ ಕಿವುಡಾಯಿತು. ಮಾಲಕರು ಪೊಲೀಸರ ಹತ್ತಿರ ಹೋಗಲಿಲ್ಲ. ಜಾಗ ಹೋದರೆ ಕಂಪನಿ ಮುಳುಗುತ್ತದೆ, ರಂಗದ ಮೇಲೆ ನಿಂತು ನೀನೇ ಕ್ಷಮೆ ಕೇಳು ಎಂದು ಕಾಕಾಗೆ ಹೇಳಿದರು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮರುದಿನ ಕಾಕಾ ಬಣ್ಣ ಹಚ್ಚಿಕೊಳ್ಳದೆ ಬಂದು ನಿಂತರು. ಬಾತ ಬಾಯಿ ಕಂಡು, ಹೊಸ ವೇಷವೆಂದು ಜನ ನಕ್ಕರು. ಆ ನಗು ಪೂರ್ತಿ ಇಳಿಯುವವರೆಗೂ ಅವರು ಕಾದರು.

"ಇದು ಪಾರ್ಟ್ ಅಲ್ರಿ. ನಿನ್ನಿ ನನ್ನ ಹಲ್ಲ ಮುರದಾರ. ಮುರಿಸಿದಾವ ಇಲ್ಲೇ ಮುಂದ ಕುಂತಾನ. ನಾನ ಕ್ಷಮಾ ಕೇಳಬೇಕಂತ. ನಾ ಕೇಳಾಂಗಿಲ್ಲ."

ಅಷ್ಟು ಜನರಲ್ಲಿ ಒಬ್ಬರೂ ಅವರ ಪರವಾಗಿ ಎದ್ದು ನಿಲ್ಲಲಿಲ್ಲ. ಕಾಕಾ ಟ್ರಂಕು ಹಿಡಿದು ಊರಿಗೆ ಹೊರಟರು. ನಾನೂ ಆ ಕಂಪನಿ ಬಿಟ್ಟೆ. ಆಮೇಲೆ ಬೇರೆ ಕಂಪನಿಯವರು ಅವರನ್ನು ಕರೆದಿದ್ದಾರೆಂದು ದೊಡವಾಡಕ್ಕೆ ಹೋಗಿ ಹೇಳಿದೆ. ಎಮ್ಮೆಗೆ ಮೇವು ಹಾಕುತ್ತಿದ್ದವರು ತಿರುಗಿಯೂ ನೋಡಲಿಲ್ಲ. "ಆ ಮಂದೀನ್ನ ನಗಸೂ ಮನಸ್ಸ ಉಳದಿಲ್ಲ ಯವ್ವಾ ನಂಗ" ಎಂದರು.

ಹೋದ ವರ್ಷ ಕಾಕಾ ತೀರಿಕೊಂಡರು. ಬೈಲಹೊಂಗಲದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಹಣ್ಣು ಹಣ್ಣಾಗಿದ್ದ ಮಾಲಕರು ಮೈಕು ಹಿಡಿದು, ಸಿದ್ದಪ್ಪ ಯಾರ ಮೇಲೂ ಸಿಟ್ಟಾದವನಲ್ಲ, ನಗುನಗುತ್ತಲೇ ಕಂಪನಿ ಬಿಟ್ಟ ಎಂದರು. ನಾನು ಎದ್ದು ನಿಂತು ರಾಮದುರ್ಗದಲ್ಲಿ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.

"ಹಳೇ ಮಾತು ಈಗ್ಯಾಕವಾ" ಎಂದರು ಮಾಲಕರು.

"ಅವ್ರಿಗೆ ಅದು ಹಳೇದಾಗಿರಲಿಲ್ರಿ" ಎಂದೆ.

ಮಾಲಕರು ಮೈಕನ್ನು ಪಕ್ಕದವರ ಕೈಗೆ ಕೊಟ್ಟು, ತಲೆ ತಗ್ಗಿಸಿ ಕೂತರು.